ಜೂನ್ ಮೂವತ್ತರ ಸಹಿ

ಮುನಿಶಾಮಮ್ಮನ ಎಡಗಾಲಿನ ಹೆಬ್ಬೆರಳು ಹೋಗಿ ಎರಡು ವರ್ಷ. ಸಕ್ಕರೆ ಕಾಯಿಲೆ ಈಗ ಹಿಮ್ಮಡಿಯನ್ನು ತಿನ್ನುತ್ತಿತ್ತು. ಮುನಿಲಕ್ಷ್ಮಿ ಒಣಗಿ ಅಂಟಿದ್ದ ಪಟ್ಟಿಯನ್ನು ನೀರಲ್ಲಿ ನೆನೆಸಿ, ಚರ್ಮ ಕಿತ್ತು ಬಾರದ ಹಾಗೆ ಬಿಚ್ಚಿದಳು. ನಾತ ಬಡಿಯಿತು. ಮುಖ ತಿರುಗಿಸಲಿಲ್ಲ. ಒಂಬತ್ತು ವರ್ಷದಿಂದ ಕ್ಯಾಸಂಬಳ್ಳಿಯ ಮೊದಲ ಬಸ್ಸು ಹಿಡಿದು ಬಂದು, ಆಂಡರ್ಸನ್‌ಪೇಟೆಯಲ್ಲಿ ಮನೆಮನೆ ಸುತ್ತಿ ಗಾಯ ತೊಳೆಯುವ ನರ್ಸು ಅವಳು.

ಕೆಲಸ ನಗರಸಭೆಯದು. ಅವಳು ಮಾತ್ರ ನಗರಸಭೆಯವಳಲ್ಲ. ನಡುವೆ ಗುತ್ತಿಗೆ ಹಿಡಿದ ಒಂದು ಸಂಸ್ಥೆ ಕೂತಿತ್ತು. ಸಂಸ್ಥೆಯ ಗುತ್ತಿಗೆಯನ್ನು ಒಂದು ದಿನವೂ ತಪ್ಪದೆ ವರ್ಷವರ್ಷ ಮುಂದುವರಿಸುತ್ತಿದ್ದರು. ಸಂಸ್ಥೆ ಮಾತ್ರ ನರ್ಸುಗಳನ್ನೆಲ್ಲ ಜೂನ್ ಮೂವತ್ತರಂದು ಕೆಲಸದಲ್ಲಿಲ್ಲ ಎಂದು ಬರೆದುಕೊಂಡು, ಜುಲೈ ಒಂದಕ್ಕೆ ಹೊಸಬರೆಂದು ಸೇರಿಸಿಕೊಳ್ಳುತ್ತಿತ್ತು. ಎಷ್ಟು ವರ್ಷ ದುಡಿದರೂ ಅವಳ ಸೇವೆ ಹನ್ನೊಂದು ತಿಂಗಳು ಇಪ್ಪತ್ತೊಂಬತ್ತು ದಿನ ದಾಟುತ್ತಿರಲಿಲ್ಲ. ಏಳು ವರ್ಷ ದುಡಿದ ಜೊತೆಯ ನರ್ಸು ಶಶಿರೇಖ ಹೆರಿಗೆ ರಜೆ ಕೇಳಿದಾಗ, ನೀನು ಸೇರಿ ಇನ್ನೂ ಮೂರು ತಿಂಗಳು ಎಂದಿದ್ದರು.

ಆದರೆ ಗಾಯಕ್ಕೆ ಆ ದಿನ ಗೊತ್ತಿಲ್ಲ. ಅವತ್ತೂ ಹೋಗಬೇಕು, ಪಟ್ಟಿ ಕಟ್ಟಬೇಕು. ನರ್ಸು ಬಂದ ದಿನ ಬರೆಯಲು ರೋಗಿಯ ಮನೆಯಲ್ಲಿಟ್ಟ ಕಾರ್ಡಿನಲ್ಲಿ ಸಹಿ ಮಾತ್ರ ಹಾಕಬಾರದು; ಹಾಕಿದರೆ ಅವತ್ತೂ ದುಡಿದದ್ದಕ್ಕೆ ಸಾಕ್ಷಿ. ಇದು ಸಂಸ್ಥೆಯ ಮೇಲ್ವಿಚಾರಕ ಸುಧಾಕರನ ಕಟ್ಟಪ್ಪಣೆ. ಎಂಟು ಸಲ ಅವಳು ಬಾಯಿ ಮುಚ್ಚಿಕೊಂಡು ಹಾಗೇ ಮಾಡಿದ್ದಳು.

ಇವತ್ತು ಒಂಬತ್ತನೆಯ ಜೂನ್ ಮೂವತ್ತು. ಹೊಸ ಪಟ್ಟಿ ಸುತ್ತಿ, ಪೆನ್ನು ತೆಗೆಯದೆ ಎದ್ದಳು.

"ಓದ್ ವರ್ಸಾನೂ ಇಂಗೇ ಎದ್ದೋದೆ," ಅಂದಳು ಮುದುಕಿ. "ಅವತ್ತು ನನ್ ಗಾಯ ರಜ ಆಕಿತ್ತೇನಮ್ಮಿ?"

ಮುನಿಲಕ್ಷ್ಮಿ ಚೀಲ ಹೆಗಲಿಗೇರಿಸಿದಳು. ಇಪ್ಪತ್ತು ದಿನದ ಬಾಣಂತಿ ಶಶಿರೇಖ ತಲೆಗೆ ಬಟ್ಟೆ ಸುತ್ತಿಕೊಂಡು ಡ್ಯೂಟಿಗೆ ಬಂದದ್ದು ಕಣ್ಣಿಗೆ ಕಟ್ಟಿತು. ಅವತ್ತೂ ಅವಳು ಹೀಗೇ ಚೀಲ ಹೆಗಲಿಗೇರಿಸಿ ಹೊರಟಿದ್ದಳು.

ಮತ್ತೆ ಕೂತಳು. ತಾರೀಖು ಬರೆದಳು. ಸಹಿ ಹಾಕಿದಳು. ಕಾರ್ಡಿನ ಫೋಟೊ ತೆಗೆದು ಸುಧಾಕರನೂ ಇದ್ದ ನರ್ಸುಗಳ ವಾಟ್ಸಾಪ್ ಗುಂಪಿಗೆ ಹಾಕಿ, ಪಕ್ಕದ ಆದಿನಾರಾಯಣನ ಮನೆಗೆ ಹೋದಳು. ಲಕ್ವ ಹೊಡೆದು ಮಲಗಿದ್ದ ಅವನ ಬೆನ್ನು ಹುಣ್ಣಾಗಿತ್ತು.

ಅರ್ಧ ಗಂಟೆಯಲ್ಲಿ ಸುಧಾಕರನ ಬೈಕು ಬೀದಿಗೆ ಬಂತು. ಅವಳನ್ನು ಹೊರಗೆ ಕರೆದ. ಸಹಿ ಹೊಡೆದುಹಾಕು, ಇಲ್ಲದಿದ್ದರೆ ನಾಳೆ ಸೇರಿಸಿಕೊಳ್ಳುವವರ ಪಟ್ಟಿಯಲ್ಲಿ ನಿನ್ನ ಹೆಸರಿರುವುದಿಲ್ಲ ಅಂದ. ಹೊಸಿಲ ಮೇಲೆ ಕೂತು ನೋಡುತ್ತಿದ್ದ ಮುನಿಶಾಮಮ್ಮನ ಕಡೆ ಕಾರ್ಡಿಗಾಗಿ ಕೈಚಾಚಿದ.

ಮುದುಕಿ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕಾಲು ನಂದು, ಕಾಗ್ದಾನೂ ನಂದೇ ಕಣಪ್ಪ. ಬೇಕಂದ್ರೆ ಈ ಪಟ್ಟಿ ಬಿಚ್ಕೊಂಡೋಗು. ನಾತಕ್ಕೆ ಮೂಗ್ ಮುಚ್ಕೋಬೇಕಷ್ಟೆ."

ಅಕ್ಕಪಕ್ಕದ ಬಾಗಿಲುಗಳಲ್ಲಿ ನಗು ಎದ್ದಿತು. ಅವನು ಕೆಂಪಗಾಗಿ ಮುನಿಲಕ್ಷ್ಮಿಯ ಕಡೆ ತಿರುಗಿದ. ಹೇಳಿದಷ್ಟು ಮಾಡು ಎಂದು ಗದರಿದ.

"ಇವತ್ತು ನಾನು ನಿಮ್ಮ ಕೆಲಸದೋಳಲ್ಲ ಅಂತ ನೀವೇ ಬರ್ಕೊಂಡಿದ್ದೀರಲ್ಲ ಸಾರ್," ಅಂದಳು ಅವಳು. "ಮತ್ತೆ ಇವತ್ತು ನಂಗೆ ಅಪ್ಪಣೆ ಮಾಡಾಕೆ ನೀವ್ಯಾರು?"

ಅವನ ಜೇಬಿನಲ್ಲಿ ಫೋನು ಸದ್ದು ಮಾಡಿತು. ತೆಗೆದು ನೋಡಿದ. ಶಶಿರೇಖ ಹಾಕಿದ್ದ ತನ್ನ ರೋಗಿಯ ಕಾರ್ಡಿನ ಫೋಟೊ, ಇವತ್ತಿನ ತಾರೀಖು, ಅವಳ ಸಹಿ. ಅದರ ಕೆಳಗೆ ಇನ್ನೊಬ್ಬ ನರ್ಸು ಶ್ಯಾಮಲಳದು. ಫೋನು ಮತ್ತೆ ಸದ್ದು ಮಾಡಿತು.

ನಾಳೆಯ ಪಟ್ಟಿಯಲ್ಲಿ ಯಾರ ಹೆಸರಿರುತ್ತದೋ ಮುನಿಲಕ್ಷ್ಮಿಗೆ ಗೊತ್ತಿರಲಿಲ್ಲ. ಅವನನ್ನು ಬೀದಿಯಲ್ಲೇ ಬಿಟ್ಟು ಒಳಗೆ ಹೋದಳು. ಆದಿನಾರಾಯಣನ ಬೆನ್ನಿನ ಹುಣ್ಣು ಅರ್ಧ ಮಾತ್ರ ತೊಳೆದಾಗಿತ್ತು.