ಒಂದೇ ಕೆರೆಗೆ ಇಬ್ಬರು ಅಧ್ಯಕ್ಷರು

ನಾನು ಟೋಪಿಗೆ ಪ್ಯಾಚ್ ಅಂಟಿಸುವ ಯಂತ್ರ. ಹುಟ್ಟಿದ್ದು ಕೊಯಮತ್ತೂರಿನ ಒಂದು ತಗಡಿನ ಶೆಡ್ಡಿನಲ್ಲಿ. ಕೆಳಗೆ ಬೋಳುತಲೆಯಂಥ ದಿಂಬು, ಮೇಲೆ ಅದಕ್ಕೆ ಸರಿಯಾಗಿ ಬಾಗಿದ ಕಬ್ಬಿಣದ ಕಾವಲಿ, ಪಕ್ಕಕ್ಕೊಂದು ಹಿಡಿಕೆ. ಇಷ್ಟೇ ನನ್ನ ಮೈ. ದಿಂಬಿಗೆ ಟೋಪಿ ತೊಡಿಸಿ, ಅದರ ಹಣೆಯ ಮೇಲೆ ಪ್ಯಾಚ್ ಇಟ್ಟು ಹಿಡಿಕೆ ಒತ್ತಿದರೆ, ನನ್ನ ಬಿಸಿಗೆ ಪ್ಯಾಚಿನ ಬೆನ್ನಿನ ಅಂಟು ಕರಗಿ ಬಟ್ಟೆಗೆ ಹಿಡಿದುಕೊಳ್ಳುತ್ತದೆ. ಕೆಲಸ ಮುಗಿದಾಗ ಕುಂಯ್ ಅನ್ನುತ್ತೇನೆ. ನನಗೆ ಬರುವ ಮಾತು ಅದೊಂದೇ.

ನನ್ನನ್ನು ರಾಣೆಬೆನ್ನೂರಿಗೆ ತಂದವನು ವಿರೂಪಾಕ್ಷ. ಕುಂಕುಮ ಹಚ್ಚಿ, ಹಿಡಿಕೆಗೆ ಚೆಂಡುಹೂ ಕಟ್ಟಿ ಅಂಗಡಿಯಲ್ಲಿ ಕೂರಿಸಿದ. ಬೀಜದ ವ್ಯಾಪಾರಿಯೊಬ್ಬರು ಜಾಳಿಗೆಯ ಟೋಪಿಗಳನ್ನು ಕೊಟ್ಟು ಹೋದರು. "ಕಾವು ಜಾಸ್ತಿ ಇಟ್ರ ಕೆಲಸ ಲಗೂ ಆಕ್ಕೈತಿ" ಎಂದು ವಿರೂಪಾಕ್ಷ ನನ್ನ ಗುಂಡಿಯನ್ನು ಕೊನೆಯವರೆಗೂ ತಿರುವಿಬಿಟ್ಟ. ಟೋಪಿಗಳು ಹಪ್ಪಳದ ಹಾಗೆ ಮುರುಟಿಕೊಂಡವು. ವ್ಯಾಪಾರಿ ಒಂದನ್ನು ಬೆರಳ ತುದಿಗೆ ಸಿಕ್ಕಿಸಿಕೊಂಡು ಕೇಳಿದರು: "ಇದನ್ನ ಯಾರ ತಲಿಗೆ ಹಾಕೋಣ್ರೀ? ನಿಂಬಿಹಣ್ಣಿಗೆ?"

ಅಂದೇ ನನ್ನನ್ನು ಮಾರಿಬಿಡುವ ಮಾತು ಬಂತು. ತಡೆದವಳು ಅವನ ಹೆಂಡತಿ ಶಾಂಭವಿ. ಗಂಡನ ಹಳೆಯ ಟೋಪಿಗಳನ್ನೆಲ್ಲ ತಂದು ಒಂದೊಂದಾಗಿ ನನ್ನ ಮೇಲೆ ಇಟ್ಟು ನೋಡಿದಳು. ಕಾವನ್ನು ಸ್ವಲ್ಪ ಸ್ವಲ್ಪವೇ ಏರಿಸಿದಳು. ನಡುವೆ ತೆಳ್ಳನೆಯ ಅರಿವೆ ಹಾಸಿದಳು. ಪ್ಯಾಚ್ ತಣ್ಣಗಾದ ಮೇಲೆ ಅಂಚನ್ನು ಉಗುರಿನಿಂದ ಕೆದರಿ ನೋಡಿದಳು. ನಾನು ಸರಿಯಾದೆ, ವಿರೂಪಾಕ್ಷ ಬೇಸಿಗೆಯೆಲ್ಲ ಬರಿತಲೆಯಲ್ಲಿ ಓಡಾಡಿದ. ಅಂದಿನಿಂದ ಹಿಡಿಕೆ ಶಾಂಭವಿಯ ಕೈಗೆ ಬಂತು. ಚಹಾ ಮತ್ತು ಊರ ಸುದ್ದಿ ತರುವುದು ಅವನ ಪಾಲಿಗೆ.

ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಡೆಯುವ ಹಿರಿಯರದೊಂದು ಬಳಗವಿತ್ತು. ಎಲ್ಲರಿಗೂ ನೀಲಿ ಟೋಪಿ. ಚನ್ನವೀರ ಮಾಸ್ತರರ ಟೋಪಿಗೆ ಮಾತ್ರ 'ಅಧ್ಯಕ್ಷ' ಎಂಬ ಪ್ಯಾಚ್. ಅವರ ಜೀವದ ಗೆಳೆಯ ಬಟ್ಟೆ ವ್ಯಾಪಾರಿ ಪಾಂಡುರಂಗ ಜವಳಿ. ಇಬ್ಬರೂ ನಡೆದು ದಣಿದು ಒಂದೇ ಕಲ್ಲುಬೆಂಚಿನ ಮೇಲೆ ಕುಳಿತು, ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಒಂದು ಸಲ ಬಳಗದವರು ಕೈಯೆತ್ತಿ ಜವಳಿಯವರನ್ನು ಅಧ್ಯಕ್ಷರನ್ನಾಗಿ ಆರಿಸಿಬಿಟ್ಟರು. "ಆವತ್ತು ಮಂಜು ಮುಸುಕಿತ್ತು. ಯಾರ ಕೈ ಯಾವುದು ಯಾರಿಗೆ ಕಂಡೈತಿ?" ಎಂದು ಮಾಸ್ತರರು ಒಪ್ಪಲಿಲ್ಲ. ನೇರ ನಮ್ಮಲ್ಲಿಗೆ ಬಂದರು.

"ಶಾಂಭವಿ, ಈ ಪ್ಯಾಚು ಯಾರು ಕಿತ್ತರೂ ಬರಬಾರದು, ಹಂಗ ಒತ್ತವ್ವ."

ಅವಳು ಹೊರಗಿನಿಂದ ಒಮ್ಮೆ, ಟೋಪಿ ತಿರುವಿ ಒಳಗಿನಿಂದ ಒಮ್ಮೆ ಒತ್ತಿದಳು. ಅವರು ಹೋದ ಬೆನ್ನಿಗೇ ಜವಳಿಯವರು ಬಂದರು. "ನನಗೂ ಅಂಥಾದ್ದ ಬೇಕು. ಅವರದಕ್ಕಿಂತ ಒಂದು ಬೆರಳು ದೊಡ್ಡದಿರಲಿ."

ಅಲ್ಲಿಗೆ ಬಳಗ ಒಡೆಯಿತು. ಒಬ್ಬರು ಕೆರೆಯನ್ನು ಬಲಕ್ಕೆ ಸುತ್ತಿದರೆ ಇನ್ನೊಬ್ಬರು ಎಡಕ್ಕೆ. ಒಂದೇ ದಿಕ್ಕಿಗೆ ನಡೆದಿದ್ದರೆ ಎದುರಾಗುವ ತಾಪತ್ರಯವೇ ಇರುತ್ತಿರಲಿಲ್ಲ. ಈಗ ಪ್ರತಿ ಸುತ್ತಿನಲ್ಲೂ ಎರಡು ಸಲ ಮುಖ ತಿರುಗಿಸಿಕೊಳ್ಳಬೇಕಾಯಿತು. ಜನ ತಮ್ಮ ಕಡೆಗೇ ಉಳಿಯಲಿ ಎಂದು ಇಬ್ಬರೂ ಪದವಿ ಹಂಚತೊಡಗಿದರು. ಉಪಾಧ್ಯಕ್ಷ, ಸಹಕಾರ್ಯದರ್ಶಿ, ಗೌರವ ಸಲಹೆಗಾರ ಎಂದೆಲ್ಲ ಒತ್ತಿ ಒತ್ತಿ ನನ್ನ ಕಾವಲಿ ಆರಲೇ ಇಲ್ಲ. ಬರೀ ಸದಸ್ಯ ಅನ್ನಿಸಿಕೊಳ್ಳುವವರು ಆ ಕೆರೆಯಲ್ಲಿ ಯಾರೂ ಉಳಿಯಲಿಲ್ಲ, ಬಾತುಗಳೂ ಉಳಿದಿರಲಿಲ್ಲವೇನೋ.

"ಇನ್ನೊಂದು ಬಣ ಆದ್ರ ಛಲೋ ಆಕ್ಕೈತಿ" ಎಂದು ವಿರೂಪಾಕ್ಷ ನಕ್ಕ.

"ನಗಬ್ಯಾಡ್ರಿ" ಎಂದಳು ಶಾಂಭವಿ. "ಇಬ್ಬರೂ ಈಗ ಒಬ್ಬೊಬ್ಬರ ಕುಂತು ಚಹಾ ಕುಡೀತಾರ. ಆ ಪ್ಯಾಚು ಒತ್ತಿಕೊಟ್ಟಾಕಿ ನಾನ."

ಒಂದು ಬೆಳಿಗ್ಗೆ ಜವಳಿಯವರು ದಂಡೆಯ ಮೇಲೆ ತಲೆಸುತ್ತಿ ಬಿದ್ದರು. ಅವರ ಬಣದವರು ಹಿಂದೆ ಎಲ್ಲೋ ಇದ್ದರು. ಎದುರಿಗಿದ್ದವರು ಮಾಸ್ತರರೊಬ್ಬರೇ. ಓಡಿಬಂದು ಗೆಳೆಯನನ್ನು ಎತ್ತಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ "ಪಾಂಡು, ಮಾತಾಡೋ" ಎಂದು ಗೋಗರೆದರಂತೆ. ನರ್ಸಮ್ಮ ಕೇಳಿದಳು: "ನೀವು ಇವರಿಗೆ ಏನಾಗಬೇಕ್ರೀ?"

ಮಾಸ್ತರರಿಗೆ ಉಸಿರು ಹಿಡಿದಿತ್ತು. ಬಾಯಿಗೆ ಬಂದದ್ದನ್ನು ಹೇಳಿದರು: "ಅಧ್ಯಕ್ಷ."

ಕಣ್ಣು ಮುಚ್ಚಿ ಮಲಗಿದ್ದ ಜವಳಿಯವರು ತುಟಿ ಅಲ್ಲಾಡಿಸಿದರು: "ಮಾಜಿ."

ಮಾಸ್ತರರು ಅಲ್ಲೇ ಕುಳಿತು ಅತ್ತರು. ಜವಳಿಯವರಿಗೆ ರಕ್ತದಲ್ಲಿ ಸಕ್ಕರೆ ಅಂಶ ಇಳಿದಿತ್ತು, ಅಷ್ಟೇ.

ವಾರ ಕಳೆದ ಮೇಲೆ ಇಬ್ಬರೂ ಕೂಡಿ ಬಂದು ಟೋಪಿಗಳನ್ನು ಮೇಜಿನ ಮೇಲಿಟ್ಟರು. "ಎರಡೂ ಕಿತ್ತುಬಿಡವ್ವ." ನಾನು ಕಾವು ಕೊಟ್ಟೆ. ಜವಳಿಯವರದು ಸುಲಭವಾಗಿ ಎದ್ದು ಬಂತು. ಮಾಸ್ತರರದು ಬಟ್ಟೆಯನ್ನೂ ಕಿತ್ತುಕೊಂಡೇ ಬಂತು. ಹಣೆಯ ಮೇಲೆ ತೂತು. ಮುಚ್ಚಲು ಶಾಂಭವಿ ಹುಡುಕಿದಳು. ಶಿಶುವಿಹಾರದವರ ಕೆಲಸದಲ್ಲಿ ಉಳಿದ ಪ್ಯಾಚುಗಳಷ್ಟೇ ಸಿಕ್ಕವು.

"ಬಾತುಕೋಳಿ ಅದಾವ್ರಿ, ಹಳದೀವು" ಎಂದಳು ಅಳುಕುತ್ತ.

ಮಾಸ್ತರರು ಒಂದನ್ನು ಎತ್ತಿ ತೂತಿನ ಮೇಲೆ ಇಟ್ಟರು. "ಹಚ್ಚು."

"ನನಗೂ" ಎಂದರು ಜವಳಿ. "ಅವರ ಬಾತಿಗಿಂತ ದೊಡ್ಡದು ಬ್ಯಾಡ."

ತಿಂಗಳೊಳಗೆ ಇಡೀ ಬಳಗ ಪದವಿ ಕೀಳಿಸಿ ಬಾತು ಹಚ್ಚಿಸಿಕೊಂಡಿತು.

ಈಗ ನನ್ನ ದಿಂಬು ಸವೆದಿದೆ. ತಂತಿಗಳು ಮುದಿಯಾಗಿವೆ. ಬಾಗಿಲ ಹತ್ತಿರ ಹೊಸ ಯಂತ್ರ ಬಂದಿದೆ, ಕಣ್ಣು ಮಿಟುಕಿಸುವುದರೊಳಗೆ ಬಿಸಿಯಾಗುತ್ತದೆ. ನಾನು ಮೂಲೆ ಸೇರಿದ್ದೇನೆ. ಆದರೆ ಟೋಪಿಯ ಬಾತಿನ ಕೊಕ್ಕು ಅಂಟು ಬಿಟ್ಟು ಎದ್ದಾಗಲೆಲ್ಲ ಆ ಇಬ್ಬರೂ ಬರುತ್ತಾರೆ. "ಹೊಸದರಾಗ ಈಗಿಂದೀಗ ಮಾಡಿಕೊಡತೀನ್ರಿ" ಎನ್ನುತ್ತಾನೆ ವಿರೂಪಾಕ್ಷ.

"ಅವಸರ ಇದ್ದವರಿಗೆ ಮಾಡಿಕೊಡಪಾ. ನಮಗ ಇಲ್ಲೇ ಕುಂದ್ರೋದೈತಿ" ಎಂದು ಜವಳಿಯವರು ನನ್ನ ಪಕ್ಕದ ಬೆಂಚಿಗೆ ಬರುತ್ತಾರೆ. ಶಾಂಭವಿ ನನ್ನ ಗುಂಡಿ ತಿರುವುತ್ತಾಳೆ. ಮಾಸ್ತರರು ಫ್ಲಾಸ್ಕಿನ ಮುಚ್ಚಳ ಬಿಚ್ಚುತ್ತಾರೆ. ಆವತ್ತು ಮಂಜಿತ್ತೋ ಇಲ್ಲವೋ ಎಂಬ ಜಗಳ ಮತ್ತೆ ಮೊದಲಾಗುತ್ತದೆ.

ನಾನೂ ಆದಷ್ಟು ನಿಧಾನವಾಗಿಯೇ ಕಾಯುತ್ತೇನೆ.