ನೆಲ ಅಳೆಯುವ ದೊಡ್ಡತ್ತೆ

ವಸತಿಗೃಹದ ಕೋಣೆ ನೋಡಲು ಹೋದರೆ ನಮ್ಮ ದೊಡ್ಡತ್ತೆ ಮೊದಲು ಮಾಡುತ್ತಿದ್ದ ಕೆಲಸ ನೆಲದ ಮೇಲೆ ಮಲಗುವುದು. ಮ್ಯಾನೇಜರು ಕಿಟಕಿಯ ಪರದೆ ಸರಿಸಿ ಹೊರಗಿನ ರಮಣೀಯ ದೃಶ್ಯವನ್ನು ವರ್ಣಿಸುತ್ತಿರುವಾಗಲೇ ಅವರು ಚಪ್ಪಲಿ ಬಿಟ್ಟು, ಮಾಸಲು ಬೂದುಬಣ್ಣದ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಗೋಡೆಯ ಪಕ್ಕದಲ್ಲಿ ನೇರವಾಗಿ ಅಂಗಾತ ಮಲಗಿಬಿಡುತ್ತಿದ್ದರು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿ, "ಇಲ್ಲಿ ದೊಡ್ಡವರು ನಾಲ್ಕು ಜನ. ಕಾಲ ಹತ್ರ ಅಡ್ಡಡ್ಡ ಮೂರು ಮಕ್ಳು" ಎಂದು ಅಲ್ಲಿಂದಲೇ ತೀರ್ಪು ಕೊಡುತ್ತಿದ್ದರು. ಮ್ಯಾನೇಜರು ಬೆಪ್ಪಾಗಿ ನನ್ನ ಮುಖ ನೋಡುತ್ತಿದ್ದ. ಅವರ ತಮ್ಮನ ಮಗನಾದ ನನ್ನ ಕೆಲಸ ಚಪ್ಪಲಿ ಕಾಯುವುದು ಮತ್ತು ಮ್ಯಾನೇಜರಿಗೆ ಸಮಾಧಾನ ಹೇಳುವುದು.

ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾದವರು ಅವರು. ಎದುರುಗಾಳಿಯಲ್ಲಿ ನಡೆಯುವವರ ಹಾಗೆ ಮುಂದಕ್ಕೆ ಬಾಗಿ ಎಲ್ಲರಿಗಿಂತ ಮುಂದೆ ಹೋಗುವರು. ಇದ್ದಕ್ಕಿದ್ದಂತೆ ನಿಂತು, ಹಿಂತಿರುಗಿ, ತುಟಿಯಲ್ಲೇ ನಮ್ಮ ತಲೆ ಎಣಿಸುವರು. ಪ್ರತಿ ಮಾತಿಗೂ ಮೊದಲು "ಕೇಳಿಸ್ಕೊಳ್ಳಿ" ಎನ್ನುವುದು ವಾರ್ಡಿನಿಂದ ಬಂದ ಚಾಳಿ. ಕೋಪವಂತೂ ಸದಾ ಮೂಗಿನ ತುದಿಯಲ್ಲೇ.

ಆ ಕೋಪವನ್ನು ನಾನು ದೂರುವವನಲ್ಲ. ಕುಟುಂಬವೆಂದರೆ ಗಂಡ, ಹೆಂಡತಿ, ಒಂದು ಗಂಡು, ಒಂದು ಹೆಣ್ಣು ಎಂದು ಯಾವ ಮಹಾನುಭಾವ ಶಾಸನ ಬರೆಸಿದನೋ ತಿಳಿಯದು. ಲೋಕದ ಲಾಡ್ಜುಗಳೆಲ್ಲ ಅದನ್ನೇ ಪ್ರಮಾಣವೆಂದು ನಂಬಿ ಕೋಣೆ ಕಟ್ಟಿವೆ. ಅಜ್ಜಿ, ದೊಡ್ಡಪ್ಪ, ಸೋದರತ್ತೆ, ಮೊಮ್ಮಕ್ಕಳು ಎಲ್ಲರೂ ಒಟ್ಟಿಗೆ ರಜೆ ಕಳೆಯಬಯಸುವುದು ಲಾಡ್ಜಿನವರ ಪಾಲಿಗೆ ಅಪರಾಧ. ಜಾಹೀರಾತಿನಲ್ಲಿ "ದೊಡ್ಡ ಕುಟುಂಬಗಳಿಗೆ ಸ್ವಾಗತ" ಎಂದು ಹಲ್ಲು ಕಿರಿಯುವವರು ಫೋನಿನಲ್ಲಿ ನಾವೆಷ್ಟು ಜನವೆಂದು ಕೇಳಿದೊಡನೆ ಬೇರೆಯೇ ರಾಗ ತೆಗೆಯುತ್ತಿದ್ದರು.

"ಮದುವೆ ಪಾರ್ಟಿನಾ ಮೇಡಂ?"

"ಕೇಳಿಸ್ಕೊಳ್ಳಿ. ಮನೆಯವರು."

"ಅಷ್ಟೂ ಜನಾನಾ?"

"ಯಾಕೆ, ನಿಮ್ಮನ್ನ ಕೇಳಿ ಹುಟ್ಬೇಕಿತ್ತಾ?"

ಒಂದೇ ಸೂರಿನಡಿ, ಒಂದೇ ಕಡೆ, ಎಲ್ಲರೂ: ಇದು ಅವರ ಹಟ. ಜಪ್ಪಯ್ಯ ಎಂದರೂ ಸಡಿಲಿಸುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮ ಚಿಕ್ಕಮ್ಮ, ತೀರಿಹೋದ ಚಿಕ್ಕಪ್ಪನ ಹೆಂಡತಿ. ಎಲ್ಲಿಗಾದರೂ ಹೊರಟಾಗ ಜಾಗ ಸಾಲದೆಂಬ ಮಾತು ಎದ್ದರೆ ಸಾಕು, "ನಾನು ಉಳ್ಕೋತೀನಿ ಬಿಡಿ, ಮನೆಗೆ ಒಬ್ರು ಬೇಕಲ್ಲ" ಎನ್ನುವರು. ನಮ್ಮವರು ಬಾಯಿಮಾತಿಗೆ ಛೆ ಛೆ ಎಂದು, ನಿರಾಳವಾಗಿ ಗಾಡಿ ಹತ್ತುವರು; ಬರುವಾಗ ಅವರಿಗೊಂದು ಶಾಲು ತರುವರು. ಕೆಲಸದಲ್ಲಿರುವಾಗ ರಜೆ ಸಿಗದೆ ನಮ್ಮೊಡನೆ ಬಾರದಿದ್ದ ದೊಡ್ಡತ್ತೆ, ನಿವೃತ್ತರಾದ ಮೇಲೆ ಏನೋ ಹುಡುಕುತ್ತ ಚಿಕ್ಕಮ್ಮನ ಕಪಾಟು ತೆರೆದರು. ಊರೂರಿನ ಶಾಲುಗಳು, ಒಂದನ್ನೂ ಹೊದೆದಿಲ್ಲ, ಮಡಿಕೆ ಬಿಚ್ಚದೆ ಅಟ್ಟಿಯಾಗಿ ಕೂತಿದ್ದವು. ಅಂದು ಕೆಂಡಾಮಂಡಲವಾದ ದೊಡ್ಡತ್ತೆ ವಸತಿ ಹುಡುಕುವ ಕೆಲಸವನ್ನು ಮತ್ತೆ ಯಾರ ಕೈಗೂ ಬಿಡಲಿಲ್ಲ.

ಹೀಗೆ ಹುಡುಕಿ ಒಂದು ವಾರಕ್ಕೆ ಗೊತ್ತುಮಾಡಿದ್ದು ಸಮುದ್ರದ ಬಳಿಯ ಒಂದು ಮನೆ. ಮಹಡಿಯ ಮೇಲೆ ವಿಶಾಲ ಹಜಾರ, ದೊಡ್ಡತ್ತೆ ಖುದ್ದಾಗಿ ಮಲಗಿ ಒಪ್ಪಿದ್ದು. ಮಧ್ಯಾಹ್ನ ಸಾಮಾನು ಸಮೇತ ಇಳಿದರೆ ಹಜಾರಕ್ಕೆ ಬೀಗ. ಮಾಲೀಕ ಕೈ ಹೊಸೆಯುತ್ತ ಬಂದ.

"ಅದನ್ನ ಬೇರೆಯವರಿಗೆ ಕೊಟ್ಬಿಟ್ಟಿದ್ದೀವಿ. ಕೆಳಗಿನ ರೂಮುಗಳು ಇವೆಯಲ್ಲ. ಯಾರಾದ್ರೂ ಒಬ್ರು ರಸ್ತೆ ಆಚೆ ನಮ್ಮ ಇನ್ನೊಂದು ಲಾಡ್ಜಲ್ಲಿ ಇರ್ಲಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಅಷ್ಟರಲ್ಲಿ ನನ್ನ ತಂದೆಯೂ ದೊಡ್ಡಪ್ಪನೂ ಬೂಟು ಕಳಚಿ ಒಳ್ಳೊಳ್ಳೆಯ ಮಂಚಗಳ ಮೇಲೆ ಕಾಲು ಚಾಚಿಯಾಗಿತ್ತು. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಬ್ಯಾಗು.

"ನಾನು ಆ ಕಡೆ ಹೋಗ್ತೀನಿ ಬಿಡಿ. ನಂಗೇನು, ಒಬ್ಬಳೇ."

"ನೋಡಿ, ಅವರೇ ಒಪ್ಕೊಂಡ್ರು" ಎಂದ ಮಾಲೀಕ. ಎಂಥ ಭಂಡ! ಅವನಿಗಿಂತ ಭಂಡರು ನಮ್ಮವರು. ಅಷ್ಟು ದೊಡ್ಡ ಬಳಗದಲ್ಲಿ ಒಬ್ಬರೂ ಚಕಾರವೆತ್ತಲಿಲ್ಲ.

"ಬ್ಯಾಗ್ ಕೆಳಗಿಡು" ಎಂದರು ದೊಡ್ಡತ್ತೆ.

"ಪರವಾಗಿಲ್ಲ ಅತ್ತಿಗೆ..."

"ನಿನಗೂ ಪರವಾಗಿಲ್ಲ, ಇವರಿಗೂ ಪರವಾಗಿಲ್ಲ. ನನಗೆ ಮೈ ಉರಿಯುತ್ತೆ! ಏಳ್ರೋ ಮೇಲೆ! ಮಂಚ ಎಲ್ಲ ವರಾಂಡಕ್ಕೆ ಹಾಕಿ. ಹಾಸಿಗೆ ನೆಲಕ್ಕೆ ಬಿಡಿ."

ಸೊಂಟನೋವಿನ ನನ್ನ ತಂದೆ ಒಂದು ತುದಿ, ಮುಖ ಗಂಟಿಕ್ಕಿದ ದೊಡ್ಡಪ್ಪ ಇನ್ನೊಂದು ತುದಿ ಹಿಡಿದು ಮಂಚ ಹೊತ್ತರು. ಮಂಚ ಹೊರಗೆ ಹಾಕುವ ಹಾಗಿಲ್ಲವೆಂದು ಮಾಲೀಕ ಕಿರುಚಿಕೊಂಡ. "ಹಾಲ್ ಬೀಗ ತೆಗೀರಿ, ವಾಪಸ್ ಇಡ್ತೀವಿ" ಎಂದ ದೊಡ್ಡತ್ತೆ ಅವನ ಕಡೆ ತಿರುಗಿಯೂ ನೋಡದೆ ಚಿಕ್ಕಮ್ಮನ ಕೈಯಿಂದ ಬ್ಯಾಗು ಕಿತ್ತುಕೊಂಡರು. ಅದು ಅವರೆಣಿಸಿದ್ದಕ್ಕಿಂತ ಹಗುರವಾಗಿ ಮೇಲೆದ್ದು ಬಂತು. ಜಿಪ್ ಎಳೆದು ನೋಡಿದರು.

"ವಾರಕ್ಕೆ ಒಂದೇ ಜೊತೆ ಬಟ್ಟೆನೇನೇ?"

ಚಿಕ್ಕಮ್ಮ ನೆಲ ನೋಡಿದರು. "ಜಾಗ ಸಾಲಲ್ಲ ಅಂತಾರೆ, ನಾಳೆನೇ ವಾಪಸ್ ಹೋಗೋದಿರುತ್ತೆ ಅಂದ್ಕೊಂಡೆ."

ದೊಡ್ಡತ್ತೆ ಜಿಪ್ ಮುಚ್ಚಿ ಬ್ಯಾಗನ್ನು ಗೋಡೆಯ ಪಕ್ಕದಲ್ಲಿಟ್ಟರು. ಅವರು ಚಿಕ್ಕಮ್ಮನನ್ನು ಸಂತೈಸಲಿಲ್ಲ; ಅದು ಅವರಿಗೆ ಬರುತ್ತಲೂ ಇರಲಿಲ್ಲ. ಮೊದಲಿಗಿಂತ ಗಟ್ಟಿಯಾಗಿ, ನಮ್ಮೆಲ್ಲರ ಮೇಲೆ ಕೂಗಾಡಲು ತೊಡಗಿದರು.

ಇಂಥವರನ್ನು ನಾವು ಜಗಳಗಂಟಿಯರೆನ್ನುತ್ತೇವೆ. ಅವರು ಬರುತ್ತಾರೆಂದರೆ ಪ್ರಯಾಣದ ಸುಖವೇ ಹಾಳೆಂದು ಬೆನ್ನ ಹಿಂದೆ ಗೊಣಗುತ್ತೇವೆ. ನಿಜ, ಅವರ ಸಹವಾಸ ಸುಖದ್ದಲ್ಲ. ಅವರಿಲ್ಲದ ಮನೆಗಳಲ್ಲಿ ಎಲ್ಲವೂ ಸುಸೂತ್ರ: ಕೋಣೆ ಸಲೀಸಾಗಿ ಸಿಗುತ್ತದೆ, ಮಾಲೀಕರು ನಗುತ್ತಾರೆ, ಮಂಚಗಳು ಇದ್ದಲ್ಲೇ ಇರುತ್ತವೆ. ಮನೆಯಲ್ಲಿ ಯಾರೋ ಒಬ್ಬರು ಉಳಿದಿರುತ್ತಾರೆ, ಅಷ್ಟೆ.