ಕೊಡೆಗೂ ವಿಮೆ

“ಈ ಮನೇಲಿ ಪೆಟ್ಟಿಗೆಗಳು ಯಾವತ್ತಾದ್ರೂ ಅಟ್ಟ ಹತ್ತುತ್ವಾ?”

ಕೇಳಿದ್ದು ಯಾರನ್ನೂ ಅಲ್ಲ. ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದವಳು, ನಡುಮನೆಯ ಬಾಗಿಲಲ್ಲೇ ಬಾಯ್ತೆರೆದು ಬಿದ್ದಿದ್ದ ಸೂಟ್‌ಕೇಸನ್ನು ಎಡವಿ, ಕಾಲ್ಬೆರಳು ಹಿಡಿದುಕೊಂಡು ಕೇಳಿದಳು.  ಗಂಡ ಮೇಜಿನ ಮೇಲಿನ ಕಾಗದಗಳಲ್ಲಿ ಮುಳುಗಿದ್ದ.

ಗಂಡನನ್ನು ಬೀದಿಯವರೆಲ್ಲ ಗಡಿಯಾರದಯ್ಯ ಎನ್ನುತ್ತಿದ್ದರು. ನಿಂತ ಗಡಿಯಾರ ನಡೆಸುವುದು ಅವನ ಕಸುಬು; ಅವನನ್ನು ಮಾತ್ರ ಒಂದೆಡೆ ನಿಲ್ಲಿಸುವವರಿರಲಿಲ್ಲ. ರಜೆಯ ವಾಸನೆ ಬಂದರೆ ಸಾಕು, ಅಂಗಡಿಗೆ ಬೀಗ, ಕೈಗೆ ಪೆಟ್ಟಿಗೆ. ಒಂದು ಪ್ರವಾಸದ ಬಟ್ಟೆ ಒಣಗುವ ಮೊದಲೇ ಮುಂದಿನದರ ಟಿಕೆಟ್ ಬಂದಿರುತ್ತಿತ್ತು. ಪ್ರತಿ ಸಲವೂ ಬೇರೆ ವಿಮೆ ಮಾಡಿಸುವ ರಗಳೆ ಬೇಡ, ವರ್ಷದ ಪ್ರವಾಸಗಳಿಗೆಲ್ಲ ಸೇರಿಸಿ ಒಂದೇ ಪಾಲಿಸಿ ಕೊಳ್ಳೋಣ ಎಂದು ಕೂತವನು ವಾರವಾದರೂ ಎದ್ದಿರಲಿಲ್ಲ. ಮೇಜಿನ ತುಂಬ ಕಂಪನಿಗಳ ಕಾಗದ. ಕಣ್ಣಿಗೆ ಗಡಿಯಾರ ನೋಡುವ ಮಸೂರ.

“ಇಲ್ನೋಡೇ, ಇವರು ಪೆಟ್ಟಿಗೆ ಕಳೆದ್ರೆ ಕೊಡ್ತಾರೆ, ಕೊಡೆ ಕಳೆದ್ರೆ ಕೊಡಲ್ವಂತೆ.”

“ಕೊಡೆ ಯಾವತ್ತು ತಗೊಂಡು ಹೋಗಿದೀರಿ ನೀವು?”

“ವಿಮೆ ಇದ್ರೆ ತಗೊಂಡು ಹೋಗ್ತೀನಿ.”

ಮೂಲೆಯ ಕುರ್ಚಿಯಲ್ಲಿ ಅವನ ಅಕ್ಕ ಕೂತಿದ್ದಳು. ಮೇಲಿನ ಮಹಡಿಯಲ್ಲಿ ವಾಸ, ಎಲ್ಲ ಪ್ರವಾಸಕ್ಕೂ ಜೊತೆ. “ಹಿಮದ ಮೇಲೆ ಜಾರೋ ಆಟಕ್ಕೂ ವಿಮೆ ಇದೆಯಂತೆ ಕಣೋ. ಬಚ್ಚಲಲ್ಲಿ ಜಾರಿದ್ರೆ ಯಾವ ಪುಟ, ನೋಡು,” ಎಂದಳು. ತಮಾಷೆ ಎಂದು ತಿಳಿಯದೆ ಅವನು ನಿಜಕ್ಕೂ ಪುಟ ಮಗುಚಿದ.

ಹೆಂಡತಿ ನೋಡುತ್ತಲೇ ಇದ್ದಳು. ವಿಮಾನ ತಪ್ಪಿದರೆ ಏನು, ಕ್ಯಾಮೆರಾ ಒಡೆದರೆ ಏನು, ಸಾಕಿರದ ನಾಯಿಗೆ ಜ್ವರ ಬಂದರೆ ಏನು, ಎಲ್ಲವನ್ನೂ ಅವನು ಬೆರಳಿಟ್ಟು ಓದುತ್ತಿದ್ದ. ಕಾಯಿಲೆಯ ಪುಟ ಬಂದಾಗ ಮಾತ್ರ ಬೆರಳಿಗೆ ಎಂಜಲು ಹಚ್ಚಿ ಎರಡು ಹಾಳೆ ಒಟ್ಟಿಗೆ ತಿರುಗಿಸುತ್ತಿದ್ದ.

ಕಳೆದ ಪ್ರವಾಸದಲ್ಲಿ ದೀಪಸ್ತಂಭದ ಮೆಟ್ಟಿಲು ಹತ್ತುವಾಗ ಅವನು ಎದೆ ಹಿಡಿದು ಕುಸಿದಿದ್ದ. ಭಾಷೆ ತಿಳಿಯದ ಊರಿನ ಆಸ್ಪತ್ರೆ. ಒಳಗೆ ಅವನು, ಹೊರಗೆ ಬೆಂಚಿನ ಮೇಲೆ ಅವನ ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು ಇವಳು. ಬಂದವರೆಲ್ಲ ಏನೋ ಕೇಳಿದರು. ಇವಳು ಎಲ್ಲದಕ್ಕೂ ತಲೆಯಾಡಿಸಿದಳು. ಯಾವುದಕ್ಕೆ ಹೂಂ ಅಂದಿದ್ದಳೋ ಇವತ್ತಿಗೂ ಅವಳಿಗೆ ತಿಳಿಯದು. ಮನೆಗೆ ಮರಳಿದ ಮೇಲೆ ಡಾಕ್ಟರು ಮಾತ್ರೆ ಬರೆದು, ಎದೆಯ ಪರೀಕ್ಷೆಯೊಂದನ್ನು ಮಾಡಿಸಲು ಹೇಳಿದ್ದರು. ಮಾತ್ರೆ ನಡೆಯುತ್ತಿತ್ತು. ಪರೀಕ್ಷೆ ‘ಇದೊಂದು ಟೂರ್ ಮುಗಿಸಿ ಬರೋಣ’ ಎಂದು ಮುಂದೆ ಹೋಗುತ್ತಲೇ ಇತ್ತು.

“ಕಾಯಿಲೆ ಪುಟ ಓದಿದ್ರಾ?”

“ಅದು ಎಲ್ಲಾ ಕಂಪನೀಲೂ ಒಂದೇ ಕಣೇ.”

ಕೊನೆಗೂ ಕೊಡೆಗೆ ದುಡ್ಡು ಕೊಡುವ ಕಂಪನಿಯೊಂದು ಸಿಕ್ಕಿತು. ಗೆದ್ದವನ ಠೀವಿಯಲ್ಲಿ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಅತ್ತ ಒಬ್ಬ ಹುಡುಗಿಯ ದನಿ. ಮೂವರ ಹೆಸರು, ವಯಸ್ಸು, ಮುಂದಿನ ವಾರವೇ ಹೊರಡುವ ಊರು, ಎಲ್ಲ ಸರಾಗ ಸಾಗಿತು. ಮೂವರಲ್ಲಿ ಕಿರಿಯವಳ ಹೆಸರಲ್ಲಿದ್ದರೆ ಕಂತು ಕಡಿಮೆ ಬಿದ್ದೀತೆಂದು, “ಪಾಲಿಸಿ ನನ್ನ ಹೆಂಡತಿ ಹೆಸರಲ್ಲೇ ಇರ್ಲಿ,” ಎಂದ.

“ಹಾಗಾದ್ರೆ ಆರೋಗ್ಯದ ಪ್ರಶ್ನೆಗೆ ಎಲ್ಲರ ಪರವಾಗಿ ಮೇಡಂ ಅವರೇ ಉತ್ತರ ಹೇಳ್ಬೇಕು ಸಾರ್. ಮಾತು ರೆಕಾರ್ಡ್ ಆಗುತ್ತೆ. ಮೇಡಂ, ನಿಮ್ಮಲ್ಲಿ ಯಾರಿಗಾದ್ರೂ ಡಾಕ್ಟರು ಪರೀಕ್ಷೆ ಹೇಳಿ, ಮಾಡಿಸದೆ ಬಾಕಿ ಉಳಿದಿದೆಯಾ?”

ಗಡಿಯಾರದಯ್ಯನ ಮಸೂರ ಕಣ್ಣಿಂದ ಜಾರಿ ಮೇಜಿನ ಮೇಲೆ ಬಿತ್ತು.

“ಉಳಿದಿದ್ರೆ?” ಎಂದಳು ಹೆಂಡತಿ.

“ಅದರ ಫಲಿತಾಂಶ ಬರೋವರೆಗೂ ಅವರಿಗೆ ಪಾಲಿಸಿ ಕೊಡಕ್ಕಾಗಲ್ಲ ಮೇಡಂ.”

“ಇದ್ದೂ ಇಲ್ಲ ಅಂದ್ರೆ?”

“ಆಮೇಲೆ ಗೊತ್ತಾದ್ರೆ ಆಸ್ಪತ್ರೆ ಖರ್ಚು ಒಂದೂ ಸಿಗಲ್ಲ.”

ಗಡಿಯಾರದಯ್ಯ ಫೋನಿನ ಮೇಲೆ ಅಂಗೈ ಮುಚ್ಚಿದ. “ಇಲ್ಲ ಅಂದ್ಬಿಡೇ. ಒಂದೇ ಮಾತು.”

“ಹೇಳಿಬಿಡಮ್ಮ,” ಎಂದಳು ಅಕ್ಕ. “ಟಿಕೆಟ್ ತಗೊಂಡಾಗಿದೆ, ಇನ್ನೇನು ಮಾಡೋದು?”

“ಅತ್ತಿಗೆ, ಅವತ್ತು ನೀವು ಹೋಟೆಲ್ ರೂಮಲ್ಲಿ ಮಲಗಿದ್ರಿ.”

ಅಕ್ಕ ಕಿಟಕಿಯತ್ತ ತಿರುಗಿದಳು.

“ಅದು ಬರೀ ಗ್ಯಾಸು ಕಣೇ! ಪರೀಕ್ಷೆ ಅಂತ ಕೂತ್ರೆ ಟೂರ್ ಹೋಯ್ತು. ಬೇಕಾದ್ರೆ ನಿನ್ನ ಕಾಲು ಹಿಡ್ಕೋತೀನಿ.”

“ಕಾಲು ಬೇಡ, ಬೆರಳು ಇನ್ನೂ ಉರೀತಿದೆ.”

“ನನ್ನ ಪ್ರಾಣ, ನನ್ನ ಹೊಣೆ. ನಿಂದೇನು ಹೋಗುತ್ತೆ?”

“ಮೇಡಂ, ಲೈನಲ್ಲಿದೀರಾ?” ಎಂದಿತು ಅಂಗೈಯಡಿಯ ದನಿ.

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಫೋನಿನಿಂದ ಬಿಡಿಸಿದಳು.

“ಪ್ರಾಣ ನಿಮ್ದೇ. ಬೂಟು ಹಿಡ್ಕೊಂಡು ಬೆಂಚಿನ ಮೇಲೆ ಕೂರೋಳು ನಾನು. ಅಲ್ಲಿ ಮತ್ತೆ ಏನಾದ್ರೂ ಆದ್ರೆ ಸುಳ್ಳಾಡಿದ ಇದೇ ಬಾಯಲ್ಲಿ ದೇವರನ್ನ ಕೂಗ್ಬೇಕು. ಪರೀಕ್ಷೆ ಬಾಕಿ ಇಲ್ಲ ಅಂತ ಹೇಳಲ್ಲ ರೀ. ಸುತರಾಂ ಹೇಳಲ್ಲ.”